ಪಚಾಸ್ ಬೇರೆ, ಪಚಾಸೀ ಬೇರೆ: ಕನ್ನಡದ ಮೂಲಕ ಹಿಂದಿ ಕಲಿಯುವುದು

ಕೆಲಸದ ಮೇಲೆ ಭೋಪಾಲಕ್ಕೆ ಹೋದ ಮೊದಲ ವಾರ. ಸಂಜೆ ತರಕಾರಿ ತರೋಣ ಅಂತ ಹೊರಟೆ. ಅರ್ಧ ಕೆಜಿ ಟೊಮೆಟೊ, ಬೆಂಡೆಕಾಯಿ, ಒಂದು ಕಟ್ಟು ಪಾಲಕ್. ಗಾಡಿಯವನು ತೂಗಿ, ಚೀಲಕ್ಕೆ ಸುರಿದು "ಪಚಾಸೀ" ಅಂದ. ನನಗೆ ಅದು ಪಚಾಸ್, ಅಂದರೆ ಐವತ್ತು, ಅಂತ ಕೇಳಿಸಿತು. ಐವತ್ತರ ನೋಟು ಕೊಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದ. "ಪಚಾಸೀ, ಭಾಈ ಸಾಹಬ್." ಕೊಟ್ಟೆನಲ್ಲ ಅನ್ನುವ ಹಾಗೆ ನೋಟಿನ ಕಡೆ ಕೈ ತೋರಿಸಿದೆ. ಆಗ ಅವನು ನಿಧಾನವಾಗಿ, ಬಿಡಿಸಿ ಹೇಳಿದ: "ಅಸ್ಸೀ. ಔರ್ ಪಾಂಚ್." ಎಂಬತ್ತು, ಮತ್ತೆ ಐದು.

ಶಾಲೆಯಲ್ಲಿ ಮೂರನೇ ಭಾಷೆಯಾಗಿ ಹಿಂದಿ ಓದಿದ್ದೆ. ಪದ್ಯದ ಸಾರಾಂಶ, ಪತ್ರಲೇಖನ, ಲಿಂಗ ಬದಲಿಸಿ, ವಚನ ಬದಲಿಸಿ, ಎಲ್ಲ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಆದರೆ ಎಂಬತ್ತೈದು ಅನ್ನುವ ಪದ ಕಿವಿಗೆ ಬಿದ್ದದ್ದು ಅದೇ ಮೊದಲು. ನಮ್ಮಲ್ಲಿ ಎಷ್ಟೋ ಜನರ ಕಥೆ ಹೀಗೇ ಇರುತ್ತದೆ. ಓದಲು ಬರುತ್ತದೆ, ಬರೆಯಲು ಬರುತ್ತದೆ, ಬಾಯಿ ಮಾತ್ರ ಬರುವುದಿಲ್ಲ.

ಈ ಅಂಕಿಗಳಿಂದಲೇ ಶುರು ಮಾಡೋಣ. ಕನ್ನಡದ ಎಂಬತ್ತೈದು ಬಿಚ್ಚಿಟ್ಟ ಪದ. ಎಂಬತ್ತು ಕಾಣುತ್ತದೆ, ಐದು ಕಾಣುತ್ತದೆ. ಹತ್ತರ ಲೆಕ್ಕ, ಒಂದರಿಂದ ಒಂಬತ್ತು ಗೊತ್ತಿದ್ದರೆ ತೊಂಬತ್ತೊಂಬತ್ತರವರೆಗೆ ಯಾರು ಬೇಕಾದರೂ ಹೇಳಬಹುದು. ಹಿಂದಿಯಲ್ಲಿ 45 ಪೈಂತಾಲೀಸ್, 55 ಪಚ್ಪನ್, 65 ಪೈಂಸಠ್, 75 ಪಚಹತ್ತರ್, 85 ಪಚಾಸೀ, 95 ಪಚಾನ್ವೇ. ಐದು ಪ್ರತಿ ಸಲವೂ ವೇಷ ಬದಲಿಸುತ್ತದೆ. ಇದಕ್ಕೆ ಕಾರಣ ಇದೆ. ಸಂಸ್ಕೃತದಲ್ಲಿ 50 ಅಂದರೆ ಪಂಚಾಶತ್. 85 ಅಂದರೆ ಪಂಚಾಶೀತಿ, ಪಂಚ ಮತ್ತು ಅಶೀತಿ, ಐದು ಮತ್ತು ಎಂಬತ್ತು. ಬಿಡಿ ಅಂಕಿ ಮೊದಲು, ಹತ್ತರ ಅಂಕಿ ಆಮೇಲೆ. ತಲೆಮಾರುಗಳ ಕಾಲ ಜನರ ಬಾಯಲ್ಲಿ ಉರುಳಿ ಉರುಳಿ ಒಂದು ಪಚಾಸ್ ಆಯಿತು, ಇನ್ನೊಂದು ಪಚಾಸೀ ಆಯಿತು. ಹೊಳೆಯ ಕಲ್ಲುಗಳ ಹಾಗೆ ಸವೆದಿರುವುದರಿಂದ ಜೋಡಣೆ ಕಣ್ಣಿಗೆ ಕಾಣುವುದಿಲ್ಲ.

ಒಂದು ಸುಳಿವು ಮಾತ್ರ ಉಳಿದಿದೆ. ಉನ್ನೀಸ್ 19, ಉನತೀಸ್ 29, ಉನತಾಲೀಸ್ 39, ಉನಚಾಸ್ 49. ಇವೆಲ್ಲದರ ಮೊದಲಿಗಿರುವ 'ಉನ' ನಮ್ಮ 'ಊನ'ವೇ. ಕಮ್ಮಿ ಎಂದರ್ಥ. ಉನತೀಸ್ ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. 89 ಮತ್ತು 99 ಈ ಸಾಲಿಗೆ ಬರುವುದಿಲ್ಲ. ಅವು ನವಾಸೀ, ನಿನ್ಯಾನ್ವೇ. ನನ್ನ ಸಲಹೆ ಇಷ್ಟೇ: ನಲವತ್ತರವರೆಗೆ ಬಾಯಿಪಾಠ ಮಾಡಿ, ಆಮೇಲೆ ಹತ್ತರ ಅಂಕಿಗಳನ್ನು ಕಲಿಯಿರಿ, ಉಳಿದದ್ದಕ್ಕೆ ತರಕಾರಿಯವನು ಹೇಳಿದ ದಾರಿ ಹಿಡಿಯಿರಿ. ಅಸ್ಸೀ ಔರ್ ಪಾಂಚ್ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಜೊತೆಗೆ ಇನ್ನೆರಡು ಪದ ಬೇಕೇ ಬೇಕು. ಡೇಢ್ ಅಂದರೆ ಒಂದೂವರೆ, ಢಾಈ ಅಂದರೆ ಎರಡೂವರೆ. ಅಂಗಡಿಯಲ್ಲಿ ನೂರೈವತ್ತು ರೂಪಾಯಿಗೆ 'ಡೇಢ್ ಸೌ', ಇನ್ನೂರೈವತ್ತಕ್ಕೆ 'ಢಾಈ ಸೌ' ಅನ್ನುವುದೇ ರೂಢಿ.

ಭೋಪಾಲದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಕಲಿತದ್ದರಲ್ಲಿ ಒಂದು ವಿಷಯವನ್ನು ಕನ್ನಡದವರಿಗೆಲ್ಲ ಹೇಳಬೇಕು ಅನ್ನಿಸುತ್ತದೆ. ಹಿಂದಿಯನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ. ಕನ್ನಡದ ಮೂಲಕ ಕಲಿಯಿರಿ. ಕನ್ನಡ ಬಲ್ಲವರಿಗೆ ಹಿಂದಿಯ ಅರ್ಧ ಭಾಗ ಆಗಲೇ ಬರುತ್ತದೆ. ಉಳಿದದ್ದು ನಾಲ್ಕೈದು ಗಂಟು. ಆ ಗಂಟು ಎಲ್ಲಿ, ಯಾಕೆ ಬಿದ್ದಿದೆ ಅಂತ ತಿಳಿದರೆ ಬಿಡಿಸುವುದು ಸುಲಭ. ಹಾಗೆ ಬಿಡಿಸುತ್ತಾ ಹೋದರೆ ಈ ದೇಶದ ಭಾಷೆಗಳ ನಕ್ಷೆಯೂ ಕಣ್ಣಿಗೆ ಕಾಣುತ್ತದೆ.

ಬೇರೆ ಮನೆ, ಒಂದೇ ಬೀದಿ

ಹಿಂದಿ, ಕನ್ನಡ ಒಂದೇ ತಾಯಿಯ ಮಕ್ಕಳಲ್ಲ. ಹಿಂದಿ ಇಂಡೋ ಆರ್ಯನ್ ಕುಟುಂಬದ್ದು. ಮರಾಠಿ, ಬಂಗಾಳಿ, ಪಂಜಾಬಿ, ಗುಜರಾತಿ ಅದರ ಅಕ್ಕತಂಗಿಯರು. ಫಾರ್ಸಿ, ಇಂಗ್ಲಿಷ್ ದೂರದ ನೆಂಟರು. ಕನ್ನಡ ದ್ರಾವಿಡ ಕುಟುಂಬದ್ದು. ಈ ಕುಟುಂಬ ಸಂಸ್ಕೃತದಿಂದ ಹುಟ್ಟಿದ್ದಲ್ಲ, ಬೇರೆಯೇ ಬೇರು ಇರುವಂಥದ್ದು ಅಂತ ಮದ್ರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಬರೆದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ತೋರಿಸಿದ. ದ್ರಾವಿಡ ಅಂದರೆ ದಕ್ಷಿಣ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಜಾರ್ಖಂಡದ ಕುರುಖ್ ಭಾಷೆಯೂ ದ್ರಾವಿಡವೇ. ಅದರಲ್ಲಿ 'ನೀನು' ಅನ್ನುವುದಕ್ಕೆ 'ನೀನ್' ಅನ್ನುತ್ತಾರೆ. 'ನಾನು' ಅನ್ನುವುದಕ್ಕೆ 'ಏನ್'. ನಮ್ಮ ವಚನಗಳ 'ಎನಗೆ', 'ಎನ್ನ' ನೆನಪಾಗುತ್ತದೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಮಾತಾಡುವ ಬ್ರಾಹುಯಿ ಕೂಡ ನಮ್ಮ ನೆಂಟನೇ.

ಇನ್ನೆರಡು ದೊಡ್ಡ ಕುಟುಂಬಗಳಿವೆ. ಸಂತಾಲಿ, ಮುಂಡಾರಿ, ಮೇಘಾಲಯದ ಖಾಸಿ ಒಂದು ಕಡೆ. ಇವುಗಳ ನಂಟು ಕಾಂಬೋಡಿಯಾ, ವಿಯೆಟ್ನಾಂ ಕಡೆಗೆ. ಮಣಿಪುರಿ, ಬೋಡೊ ಮತ್ತು ಈಶಾನ್ಯದ ಬಹಳಷ್ಟು ಭಾಷೆಗಳು ಇನ್ನೊಂದು ಕಡೆ. ಇವು ಟಿಬೆಟ್, ಬರ್ಮಾದ ಭಾಷೆಗಳ ಬಳಗ.

ಮನೆ ಬೇರೆಯಾದರೂ ಸಾವಿರಾರು ವರ್ಷ ಒಂದೇ ಬೀದಿಯಲ್ಲಿ ಬದುಕಿದ್ದೇವೆ. ಬಾಗಿಲು ಎದುರುಬದುರು. ಹಾಗಾಗಿ ಭಾಷೆಗಳು ಪದಗಳನ್ನಷ್ಟೇ ಅಲ್ಲದೆ ವಾಕ್ಯ ಕಟ್ಟುವ ರೀತಿಯನ್ನೂ ಕೊಟ್ಟು ತೆಗೆದುಕೊಂಡಿವೆ. ಮರ್ರೆ ಎಮನೋ ಅನ್ನುವ ಭಾಷಾವಿಜ್ಞಾನಿ ಕೊಡಗು ಮತ್ತು ನೀಲಗಿರಿಯಲ್ಲಿ ಕೂತು ಕೊಡವ, ತೋಡ, ಕೋತ ಭಾಷೆಗಳನ್ನು ದಾಖಲಿಸಿದವರು. ಭಾರತವನ್ನು ಒಂದೇ 'ಭಾಷಾ ಪ್ರದೇಶ' ಅಂತ ನೋಡಬೇಕು ಎಂದು 1956ರಲ್ಲಿ ಅವರು ಬರೆದರು. ಅದರ ಅರ್ಥ ಏನು ಅಂತ ಪುಸ್ತಕ ಇಲ್ಲದೆಯೂ ನಾವು ನೋಡಬಹುದು.

'ನನಗೆ ನೀರು ಬೇಕು.' 'ಮುಝೇ ಪಾನೀ ಚಾಹಿಯೇ.' ಮೂರು ಪದ, ಮೂರು ಪದ. ನನಗೆ ಅನ್ನುವ ಕಡೆ ಮುಝೇ, ಬೇಕು ಅನ್ನುವ ಕಡೆ ಚಾಹಿಯೇ. 'ನನಗೆ ಹಸಿವಾಗಿದೆ', 'ಮುಝೇ ಭೂಖ್ ಲಗೀ ಹೈ'. 'ನನಗೆ ಗೊತ್ತು', 'ಮುಝೇ ಮಾಲೂಮ್ ಹೈ'. ಹಸಿವು, ಚಳಿ, ಇಷ್ಟ, ತಿಳಿವಳಿಕೆ, ಇವೆಲ್ಲ ನಮಗೆ 'ಆಗುವ' ಸಂಗತಿಗಳು ಅಂತ ಎರಡೂ ಭಾಷೆ ಒಪ್ಪಿಕೊಂಡಿವೆ. ಇಂಗ್ಲಿಷ್ ಮೂಲಕ ಹೋದರೆ ಇದನ್ನು ವಿಶೇಷ ನಿಯಮ ಅಂತ ಪುಟಗಟ್ಟಲೆ ಕಲಿಯಬೇಕು. ಕನ್ನಡದವರಿಗೆ ಅದು ನಿಯಮ ಅಂತಲೇ ಅನ್ನಿಸುವುದಿಲ್ಲ.

ಇನ್ನೂ ಹತ್ತಿರದಿಂದ ನೋಡಿ. ನಾವು 'ಬರೆ' ಅನ್ನುತ್ತೇವೆ, 'ಬರೆದುಕೊಡು' ಅಂತಲೂ ಅನ್ನುತ್ತೇವೆ. ಕೊಡು ಸೇರಿಸಿದ ಕೂಡಲೇ ಕೆಲಸ ಇನ್ನೊಬ್ಬರಿಗಾಗಿ ಆಗುತ್ತದೆ. ಹಿಂದಿಯಲ್ಲಿ 'ಲಿಖ್ ದೋ'. ದೋ ಅಂದರೆ ಕೊಡು. 'ಇಟ್ಟುಕೊ' ಅಂದರೆ ನಿನಗಾಗಿ ಇಡು. ಹಿಂದಿಯಲ್ಲಿ 'ರಖ್ ಲೋ'. ಲೋ ಅಂದರೆ ತೆಗೆದುಕೊ. 'ಹೊರಟುಹೋದ' ಅಂದರೆ 'ಚಲಾ ಗಯಾ'. ಗಯಾ ಅಂದರೆ ಹೋದ. 'ಓದ್ತಾ ಇದ್ದಾನೆ' ಅಂದರೆ 'ಪಢ್ ರಹಾ ಹೈ'. ರಹನಾ ಅಂದರೆ ಇರುವುದು. ಎರಡು ಬೇರೆ ಬೇರೆ ಕುಟುಂಬಗಳು ಒಂದೇ ರೀತಿಯ ಸೂಕ್ಷ್ಮ ಕೆಲಸಕ್ಕೆ ಒಂದೇ ಅರ್ಥದ ಕ್ರಿಯಾಪದಗಳನ್ನು ಆರಿಸಿಕೊಂಡಿವೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ನಮ್ಮ 'ನಾನೇ' ಅವರ 'ಮೈಂ ಹೀ'. ನಮ್ಮ 'ನಾನೂ' ಅವರ 'ಮೈಂ ಭೀ'. 'ಮನೆಗೆ ಹೋಗಿ, ಊಟ ಮಾಡಿ, ಮಲಗಿದೆ' ಅನ್ನುವ ಸಾಲು 'ಘರ್ ಜಾಕರ್, ಖಾನಾ ಖಾಕರ್, ಸೋ ಗಯಾ' ಆಗುತ್ತದೆ. ನಾವು ಕಾಫಿಗೀಫಿ ಅಂದರೆ ಅವರು ಚಾಯ್ ವಾಯ್ ಅನ್ನುತ್ತಾರೆ. ಮರಾಠಿಯವರು ಚಹಾ ಬಿಹಾ ಅನ್ನುತ್ತಾರೆ. ಮೊದಲ ಅಕ್ಷರ ನಮ್ಮಲ್ಲಿ 'ಗಿ', ಅಲ್ಲಿ 'ವ', ಇನ್ನೊಂದು ಕಡೆ 'ಬಿ'. ಆಟ ಒಂದೇ.

ಒಂದು ಕಡೆ ಮಾತ್ರ ವಾಕ್ಯದ ದಾರಿ ಕವಲೊಡೆಯುತ್ತದೆ. 'ಬರ್ತೀನಿ ಅಂತ ಹೇಳಿದ' ಅನ್ನುವಾಗ ನಾವು ಹೇಳಿದ ಮಾತನ್ನು ಮೊದಲು ಇಡುತ್ತೇವೆ. ಆಮೇಲೆ 'ಅಂತ'. ಕೊನೆಗೆ 'ಹೇಳಿದ'. ಹಿಂದಿಯಲ್ಲಿ 'ಉಸ್‌ನೇ ಕಹಾ ಕಿ ಮೈಂ ಆಊಂಗಾ'. ಮೊದಲು 'ಅವನು ಹೇಳಿದ', ನಡುವೆ 'ಕಿ', ಕೊನೆಗೆ ಆ ಮಾತು. ಈ 'ಕಿ' ರೂಢಿಯಾಗುವವರೆಗೆ ಉದ್ದದ ವಾಕ್ಯಗಳಲ್ಲಿ ತಡವರಿಕೆ ಇರುತ್ತದೆ.

ಹಾಗೆಯೇ ಒಂದು ಪದದ ವಿಷಯ. ಹಿಂದಿಯಲ್ಲಿ 'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. 'ಪರಸೋಂ' ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕ್ರಿಯಾಪದ ಕೇಳುವವರೆಗೆ ಕಾಯಬೇಕು. ಕಲ್ ಆಯಾ ಅಂದರೆ ನಿನ್ನೆ ಬಂದ, ಕಲ್ ಆಯೇಗಾ ಅಂದರೆ ನಾಳೆ ಬರುತ್ತಾನೆ. ಫೋನಿನಲ್ಲಿ ರಿಪೇರಿಯವರ ಹತ್ತಿರ ಮಾತಾಡುವಾಗ ಕೊನೆಯ ಪದಕ್ಕೆ ಕಿವಿ ಕೊಡಿ.

ಚಹಾ ಹೆಣ್ಣು, ನೀರು ಗಂಡು

ಈಗ ದೊಡ್ಡ ಗಂಟಿಗೆ ಬರೋಣ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಗಂಡಸು ಅವನು, ಹೆಂಗಸು ಅವಳು, ಉಳಿದದ್ದೆಲ್ಲ ಅದು. ಕುರ್ಚಿ ಅದು, ಬಸ್ಸು ಅದು, ಚಹಾ ಅದು. ಹಿಂದಿಯಲ್ಲಿ 'ಅದು' ಅನ್ನುವ ಕೋಣೆಯೇ ಇಲ್ಲ. ಪ್ರಪಂಚದ ಪ್ರತಿಯೊಂದು ವಸ್ತುವೂ ಗಂಡು ಅಥವಾ ಹೆಣ್ಣಿನ ಸಾಲಿನಲ್ಲಿ ನಿಲ್ಲಬೇಕು. ಚಾಯ್ ಅಚ್ಛೀ ಹೈ, ಪಾನೀ ಠಂಡಾ ಹೈ. ಬಸ್ ಆಯೀ, ಟ್ರಕ್ ಆಯಾ. ಮೇರೀ ಕಿತಾಬ್, ಮೇರಾ ಫೋನ್. ಮೀಸೆ ಮತ್ತು ಗಡ್ಡ, ಅಂದರೆ ಮೂಂಛ್ ಮತ್ತು ದಾಢೀ, ಎರಡೂ ಸ್ತ್ರೀಲಿಂಗ. ಅರ್ಥದಲ್ಲಿ ಕಾರಣ ಹುಡುಕಿದರೆ ಸಿಗುವುದಿಲ್ಲ. ಸಂಸ್ಕೃತದಲ್ಲಿ ಮೂರು ಲಿಂಗಗಳಿದ್ದವು. ಹಿಂದಿಗೆ ಬರುವ ಹೊತ್ತಿಗೆ ನಪುಂಸಕ ಲಿಂಗ ಕಳೆದುಹೋಯಿತು. ಅದರಲ್ಲಿದ್ದ ಪದಗಳೆಲ್ಲ ಈ ಕಡೆಗೋ ಆ ಕಡೆಗೋ ಹೋಗಿ ಸೇರಿಕೊಂಡವು.

ಸ್ವಲ್ಪ ಆಸರೆ ಇದೆ. 'ಆ' ಇಂದ ಮುಗಿಯುವವು ಜಾಸ್ತಿ ಪುಲ್ಲಿಂಗ: ಕಮರಾ, ದರ್‌ವಾಜಾ, ಪೈಸಾ. 'ಈ' ಇಂದ ಮುಗಿಯುವವು ಜಾಸ್ತಿ ಸ್ತ್ರೀಲಿಂಗ: ರೋಟೀ, ಗಾಡೀ, ಖಿಡ್‌ಕೀ. ಆದರೆ ದಿನಾ ಬಳಸುವ ಪಾನೀ, ಘೀ, ದಹೀ ಪುಲ್ಲಿಂಗ. ಭಾಷಾ, ಪೂಜಾ, ಯಾತ್ರಾ ತರಹದ ಸಂಸ್ಕೃತ ಪದಗಳು ಸ್ತ್ರೀಲಿಂಗ. ನಿಯಮ ಬಾಯಿಪಾಠ ಮಾಡುವುದಕ್ಕಿಂತ ಪದವನ್ನು ಒಂಟಿಯಾಗಿ ಕಲಿಯದೇ ಇರುವುದು ಒಳ್ಳೆಯದು. 'ಪಾನೀ' ಅಂತ ಕಲಿಯಬೇಡಿ, 'ಠಂಡಾ ಪಾನೀ' ಅಂತ ಕಲಿಯಿರಿ. 'ಚಾಯ್' ಅಂತ ಬೇಡ, 'ಅಚ್ಛೀ ಚಾಯ್' ಅನ್ನಿ. ಜೋಡಿ ನಾಲಿಗೆಗೆ ಕೂತರೆ ಲಿಂಗವೂ ತಾನಾಗಿ ಕೂರುತ್ತದೆ.

ಇಲ್ಲೇ ಇನ್ನೊಂದು ವಿಚಿತ್ರ ಇದೆ. ಚಹಾಕ್ಕೂ ಲಿಂಗ ಕೊಡುವ ಹಿಂದಿಯಲ್ಲಿ ಅವನು, ಅವಳು, ಅದು ಎಲ್ಲದಕ್ಕೂ 'ವಹ್' ಒಂದೇ ಪದ. ಕನ್ನಡದಲ್ಲಿ ಲಿಂಗ ಸರ್ವನಾಮದಲ್ಲೇ ಕಾಣುತ್ತದೆ, ಅಲ್ಲಿ ಕ್ರಿಯಾಪದಕ್ಕೆ ಕಾಯಬೇಕು. ನಾವು 'ನಾನು ಹೋಗ್ತೀನಿ' ಅಂದರೆ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ ಗಂಡಸು 'ಜಾತಾ ಹೂಂ' ಅನ್ನಬೇಕು, ಹೆಂಗಸು 'ಜಾತೀ ಹೂಂ' ಅನ್ನಬೇಕು. ಕೇಳಿಸಿಕೊಂಡು ಕಲಿಯುವ ಹೆಣ್ಣುಮಕ್ಕಳು ಯಾರ ಬಾಯಿಂದ ವಾಕ್ಯ ಎತ್ತಿಕೊಳ್ಳುತ್ತಿದ್ದೇವೆ ಅಂತ ಗಮನಿಸಬೇಕು.

ಲಿಂಗ ತಪ್ಪಿದರೆ ನಾಚಿಕೆ ಪಡಬೇಕಾಗಿಲ್ಲ. ಸಂಸ್ಕೃತದ ಮೂರು ಲಿಂಗಗಳು ಮರಾಠಿ, ಕೊಂಕಣಿ, ಗುಜರಾತಿಯಲ್ಲಿ ಮೂರಾಗಿಯೇ ಉಳಿದಿವೆ. ಹಿಂದಿಯಲ್ಲಿ ಎರಡಾಗಿವೆ. ಪೂರ್ವಕ್ಕೆ ಹೋದರೆ ಬಂಗಾಳಿ, ಒಡಿಯಾ, ಅಸ್ಸಾಮಿಯಲ್ಲಿ ವ್ಯಾಕರಣದ ಲಿಂಗವೇ ಇಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬಿಹಾರದ ಗೆಳೆಯ ಹುಟ್ಟಿನಿಂದ ಹಿಂದಿ ಮಾತಾಡಿದವನು. ಅವನೂ ಬಸ್ಸನ್ನು ಒಮ್ಮೆ 'ಆಯಾ' ಅನ್ನುತ್ತಿದ್ದ, ಒಮ್ಮೆ 'ಆಯೀ' ಅನ್ನುತ್ತಿದ್ದ. ತನ್ನನ್ನು 'ಮೈಂ' ಅನ್ನುವ ಬದಲು 'ಹಮ್', ಅಂದರೆ ನಾವು, ಅನ್ನುತ್ತಿದ್ದ. ಅವನ ಮನೆಮಾತಿನ ರೀತಿ ಅದು.

ಎರಡನೇ ಗಂಟು 'ನೇ'. 'ನಾನು ರೊಟ್ಟಿ ತಿಂದೆ' ಅನ್ನುವಾಗ ಕನ್ನಡದ ಕ್ರಿಯಾಪದ 'ನಾನು' ಹೇಳಿದ ಹಾಗೆ ಕೇಳುತ್ತದೆ. ಹಿಂದಿಯಲ್ಲಿ ಗಂಡಸೂ 'ಮೈಂನೇ ರೋಟೀ ಖಾಯೀ' ಅನ್ನಬೇಕು. ತಿಂದವನು ಗಂಡು, ಖಾಯೀ ಸ್ತ್ರೀಲಿಂಗ. ಯಾಕಂದರೆ ಕ್ರಿಯಾಪದ ಈಗ ರೊಟ್ಟಿಯ ಮಾತು ಕೇಳುತ್ತಿದೆ. ಸಂಸ್ಕೃತ ಓದಿದವರಿಗೆ ಇದರ ಬೇರು ತಕ್ಷಣ ಸಿಗುತ್ತದೆ. 'ರಾಮೇಣ ಪುಸ್ತಕಂ ಪಠಿತಮ್', 'ರಾಮೇಣ ಕಥಾ ಪಠಿತಾ'. ರಾಮನಿಂದ ಪುಸ್ತಕ ಓದಲ್ಪಟ್ಟಿತು, ರಾಮನಿಂದ ಕಥೆ ಓದಲ್ಪಟ್ಟಿತು. ಓದಿದ್ದು ಏನು ಅನ್ನುವುದರ ಮೇಲೆ ಕೊನೆಯ ಪದ ಬದಲಾಗುತ್ತದೆ. ಆ ಕರ್ಮಣಿ ರೂಪವೇ ಹಿಂದಿಯ ಸಾಮಾನ್ಯ ಭೂತಕಾಲವಾಗಿ ನಿಂತಿತು. ಹಾಗಾಗಿ 'ನೇ' ಬಂದಾಗ ಮನಸ್ಸಿನಲ್ಲಿ 'ನನ್ನಿಂದ' ಅಂತ ಅಂದುಕೊಳ್ಳಿ. ಮೈಂನೇ ದೂಧ್ ಪಿಯಾ, ಮೈಂನೇ ಚಾಯ್ ಪೀ. ಹಾಲು ಗಂಡು, ಚಹಾ ಹೆಣ್ಣು.

ಹೋಗು, ಬಾ, ಮಲಗು ತರಹದ ಅಕರ್ಮಕಗಳಿಗೆ 'ನೇ' ಬೇಡ. ಮೈಂ ಗಯಾ, ಮೈಂ ಸೋಯಾ. ತರುವುದು, ಮರೆಯುವುದು ಸಕರ್ಮಕಗಳಾದರೂ 'ನೇ' ತೆಗೆದುಕೊಳ್ಳುವುದಿಲ್ಲ. ಮೈಂ ಕಿತಾಬ್ ಲಾಯಾ, ಮೈಂ ಭೂಲ್ ಗಯಾ. ಈ ಎರಡನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಧನ ಮತ್ತು ದನ

ಉಚ್ಚಾರಣೆಯಲ್ಲಿ ನಮ್ಮ ಮುಖ್ಯ ತೊಂದರೆ ಮಹಾಪ್ರಾಣ. ಅಚ್ಚಗನ್ನಡದ ಪದಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಬರಹದಲ್ಲಿ ಖ, ಘ, ಥ, ಧ, ಭ ಇದ್ದರೂ ಮಾತಿನಲ್ಲಿ ಸಡಿಲವಾಗುತ್ತವೆ. ಧನ, ದನ ಎರಡನ್ನೂ ಒಂದೇ ಥರ ಹೇಳಿದರೆ ಸಂದರ್ಭ ಕಾಪಾಡುತ್ತದೆ. ಹಿಂದಿಯಲ್ಲಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಾತ್ ಅಂದರೆ ಏಳು, ಸಾಥ್ ಅಂದರೆ ಜೊತೆ. ಬಾತ್ ಅಂದರೆ ಮಾತು, ಭಾತ್ ಅಂದರೆ ಅನ್ನ. ನಮ್ಮ ಬಿಸಿಬೇಳೆಬಾತ್‌ನ ಬಾತ್ ಈ ಭಾತೇ. ತಾಲೀ ಅಂದರೆ ಚಪ್ಪಾಳೆ, ಥಾಲೀ ಅಂದರೆ ತಟ್ಟೆ. ಖಾನಾ ಊಟ, ಕಾನಾ ಅಂದರೆ ಒಂದು ಕಣ್ಣು ಇಲ್ಲದವನು. ತುಟಿಯ ಮುಂದೆ ತೆಳ್ಳಗಿನ ಕಾಗದ ಹಿಡಿದು ಹೇಳಿ ನೋಡಿ. 'ಖಾ' ಅಂದಾಗ ಕಾಗದ ಅಲುಗಬೇಕು, 'ಕಾ' ಅಂದಾಗ ಅಲುಗಬಾರದು. ಹತ್ತು ನಿಮಿಷದ ಅಭ್ಯಾಸ ಸಾಕು.

ಅವರ ಕಡೆಯ ಕಷ್ಟವೂ ತಿಳಿದಿರಲಿ. ಹಿಂದಿಯ ವರ್ಣಮಾಲೆಯಲ್ಲಿ 'ಎ' ಮತ್ತು 'ಏ', 'ಒ' ಮತ್ತು 'ಓ' ಬೇರೆ ಬೇರೆ ಇಲ್ಲ. ಕೊಡು, ಕೋಡು ಎರಡೂ ಅವರಿಗೆ ಒಂದೇ ಥರ ಕಾಣುತ್ತವೆ. 'ಳ' ಇಲ್ಲದ್ದರಿಂದ ಹಳ್ಳಿ ಹಲ್ಲಿಯಾಗುತ್ತದೆ, ನಾಳೆ ನಾಲೆಯಾಗುತ್ತದೆ. ಪದದ ಕೊನೆಯ 'ಅ' ಕೂಡ ಅವರ ಬಾಯಲ್ಲಿ ನಿಲ್ಲುವುದಿಲ್ಲ. ರಾಮ ರಾಮ್, ಕರ್ನಾಟಕ ಕರ್ನಾಟಕ್. ಬೇಕು ಅಂತ ಕೆಡಿಸುವುದಲ್ಲ, ಅವರ ಭಾಷೆಯ ಅಭ್ಯಾಸ ಅದು. ನಮ್ಮದು ಇದಕ್ಕೆ ಉಲ್ಟಾ. ವ್ಯಂಜನದಲ್ಲಿ ನಿಂತ ಪದಕ್ಕೆ ನಾವು 'ಉ' ಹಚ್ಚುತ್ತೇವೆ. ಬಸ್ಸು, ಕಾರು.

ಈ 'ಉ' ತೆಗೆದರೆ ಒಂದು ಸಣ್ಣ ನಿಧಿ ಸಿಗುತ್ತದೆ. ಖರ್ಚು ಖರ್ಚ್, ಮೇಜು ಮೇಜ್, ಜಮೀನು ಜಮೀನ್, ಕಾನೂನು ಕಾನೂನ್, ಜೋರು ಜೋರ್, ಸಾಬೂನು ಸಾಬುನ್, ತಯಾರು ತೈಯಾರ್. ಫಾರ್ಸಿ, ಅರಬಿ ಮೂಲದ ಪದಗಳು ಆಡಳಿತ, ಕೋರ್ಟು, ಸಂತೆಗಳ ದಾರಿಯಲ್ಲಿ ಎರಡೂ ಭಾಷೆಗೆ ಬಂದವು. ಅರ್ಜಿ, ವಕೀಲ, ಬಾಕಿ, ವಸೂಲಿ, ರದ್ದು, ಹಾಜರಿ, ನಕಲು, ಖಾಲಿ. ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿ ಬಂದ ಕನ್ನಡಿಗನ ಬಾಯಲ್ಲಿ ಹಿಂದಿಯ ನೂರು ಪದ ಆಗಲೇ ಇರುತ್ತವೆ.

ಸಂಸ್ಕೃತ ಪದಗಳ ವಿಷಯದಲ್ಲಿ ಮಾತ್ರ ಹುಷಾರು. ಗೊತ್ತಿರುವ ಪದ ಅಂತ ನಂಬಿ ಕಾಲಿಟ್ಟರೆ ಜಾರುತ್ತದೆ. ಶಿಕ್ಷಾ ಅಂದರೆ ಶಿಕ್ಷಣ, ಶಿಕ್ಷಾ ಮಂತ್ರೀ ಅಂದರೆ ಶಿಕ್ಷಣ ಸಚಿವ. ಉಪನ್ಯಾಸ್ ಅಂದರೆ ಕಾದಂಬರಿ. ಅವಸರ್ ಅಂದರೆ ಅವಕಾಶ, ಆತುರ ಅಲ್ಲ. ಅನುಮಾನ್ ಅಂದರೆ ಅಂದಾಜು. ಆಲೋಚನಾ ಅಂದರೆ ಟೀಕೆ. ಸಂಸಾರ್ ಅಂದರೆ ಜಗತ್ತು. ಚೇಷ್ಟಾ ಅಂದರೆ ಪ್ರಯತ್ನ. ಉದ್ಯೋಗ್ ಅಂದರೆ ಕೈಗಾರಿಕೆ. ಆಫೀಸಿನಲ್ಲಿ ಒಬ್ಬರು 'ಅಚ್ಛಾ ಅವಸರ್ ಹೈ' ಅಂದಾಗ ಯಾಕೆ ಗಡಿಬಿಡಿ ಅಂತ ಯೋಚಿಸುತ್ತಾ ಕೂತಿದ್ದೆ. ಅವರು ಹೇಳಿದ್ದು ಒಳ್ಳೆಯ ಅವಕಾಶ ಅಂತ.

ಇನ್ನು ಮರ್ಯಾದೆ. ಹಿಂದಿಯಲ್ಲಿ ತೂ, ತುಮ್, ಆಪ್ ಅಂತ ಮೂರು ಮೆಟ್ಟಿಲು. ನಮ್ಮ ನೀವು ಇರುವ ಕಡೆಯಲ್ಲೆಲ್ಲ ಆಪ್ ಬಳಸಿ. ನೀನು ಅನ್ನುವ ಕಡೆ ತುಮ್ ಸಾಕು. ತೂ ದೇವರಿಗೆ, ಮಕ್ಕಳಿಗೆ, ತುಂಬ ಹತ್ತಿರದವರಿಗೆ. ಆಟೋದವರಿಗೆ, ಅಂಗಡಿಯವರಿಗೆ 'ಭೈಯಾ, ಆಪ್' ಅಂದರೆ ಮಾತು ಹಿತವಾಗಿ ಶುರುವಾಗುತ್ತದೆ. 'ಅಪ್ಪ ಬಂದರು' ಅನ್ನುವ ಹಾಗೆ 'ಪಿತಾಜೀ ಆಯೇ' ಅಂತ ಬಹುವಚನ ಹಚ್ಚುವುದು ಅಲ್ಲೂ ಇದೆ.

ಯಾವ ಹಿಂದಿ?

ಇಷ್ಟೆಲ್ಲ ಹೇಳಿದ ಹಿಂದಿ ದೆಹಲಿ, ಮೀರತ್ ಸುತ್ತಿನ ಖಡೀ ಬೋಲಿ ಅನ್ನುವ ಆಡುಮಾತಿನಿಂದ ಬೆಳೆದದ್ದು. ಅದೇ ಬೋಲಿಯ ಮೇಲೆ ಉರ್ದುವೂ ನಿಂತಿದೆ. ಸಂತೆಯಲ್ಲಿ ಮಾತಾಡುವಾಗ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬರೆಯುವ ಲಿಪಿ ಬೇರೆ, ದೊಡ್ಡ ಪದಗಳು ಬರುವ ಕಣಜ ಬೇರೆ. ಹಿಂದಿ ಸಾಹಿತ್ಯದ ದೊಡ್ಡ ಹೆಸರುಗಳಾದ ತುಳಸೀದಾಸರು ಅವಧಿ ಅನ್ನುವ ಭಾಷೆಯಲ್ಲಿ ಬರೆದರು, ಸೂರದಾಸರು ಬ್ರಜ ಭಾಷೆಯಲ್ಲಿ ಹಾಡಿದರು. ಶಾಲೆಯ ಹಿಂದಿ ಬಲ್ಲವರಿಗೆ ಟಿಪ್ಪಣಿ ಇಲ್ಲದೆ ಅವು ಪೂರ್ತಿ ಅರ್ಥವಾಗುವುದಿಲ್ಲ.

2011ರ ಜನಗಣತಿಯಲ್ಲಿ ಹಿಂದಿ ಮಾತಾಡುವವರು ಸುಮಾರು 52.8 ಕೋಟಿ. ಆ ಅಂಕಿಯ ಒಳಗೆ 50ಕ್ಕೂ ಜಾಸ್ತಿ ಮಾತೃಭಾಷೆಗಳಿವೆ. ನನ್ನ ಮಾತೃಭಾಷೆ ಹಿಂದಿ ಅಂತಲೇ ಬರೆಸಿದವರು ಸುಮಾರು 32 ಕೋಟಿ. ಉಳಿದವರು ಭೋಜ್‌ಪುರಿ, ರಾಜಸ್ಥಾನಿ, ಛತ್ತೀಸ್‌ಗಢಿ, ಮಗಹಿ, ಹರ್ಯಾಣವಿ ಅಂತ ಬರೆಸಿದವರು. ಭೋಜ್‌ಪುರಿ ಒಂದನ್ನೇ 5 ಕೋಟಿಗೂ ಜಾಸ್ತಿ ಜನ ಹೇಳಿದ್ದಾರೆ. ಅದೇ ಲೆಕ್ಕದಲ್ಲಿ ಕನ್ನಡದವರು ಸುಮಾರು 4.37 ಕೋಟಿ. ಅಂದರೆ ಕನ್ನಡಕ್ಕಿಂತ ದೊಡ್ಡದಾದ ಒಂದು ಭಾಷೆ ಇನ್ನೊಂದರ ಹೆಸರಿನಡಿ ಎಣಿಕೆಯಾಗುತ್ತಿದೆ. ಮೈಥಿಲಿ 2003ರ ತಿದ್ದುಪಡಿಯಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ, ಅಂದರೆ ಸಂವಿಧಾನ ಹೆಸರಿಸುವ ಭಾಷೆಗಳ ಪಟ್ಟಿಗೆ, ಸೇರಿತು. ಬೋಡೊ, ಡೋಗ್ರಿ, ಸಂತಾಲಿ ಕೂಡ ಆಗಲೇ ಸೇರಿದವು. 1950ರಲ್ಲಿ 14 ಇದ್ದ ಪಟ್ಟಿ ಈಗ 22 ಆಗಿದೆ. ನಮ್ಮ ತುಳು, ಕೊಡವ ಇನ್ನೂ ಹೊರಗೇ ಇವೆ. ಈ ನೋವು ಭೋಜ್‌ಪುರಿಯವರಿಗೂ ಇದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದಿ ರಾಷ್ಟ್ರಭಾಷೆ ಅಂತ ಎಷ್ಟೋ ಜನ ಹೇಳುತ್ತಾರೆ. ಭಾರತಕ್ಕೆ ರಾಷ್ಟ್ರಭಾಷೆ ಇಲ್ಲ. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರ ಸರ್ಕಾರದ ಆಡಳಿತ ಭಾಷೆ ಅನ್ನುತ್ತದೆ, ಅಷ್ಟೇ. 15 ವರ್ಷದ ನಂತರ, 1965ಕ್ಕೆ, ಇಂಗ್ಲಿಷ್ ಬಿಡಬೇಕಿತ್ತು. ತಮಿಳುನಾಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. 1963ರ ಕಾಯ್ದೆ ಮತ್ತು 1967ರ ತಿದ್ದುಪಡಿಯಿಂದ ಇಂಗ್ಲಿಷ್ ಉಳಿದುಕೊಂಡಿತು. ಕರ್ನಾಟಕದ ಆಡಳಿತ ಭಾಷೆ ಕನ್ನಡ ಅಂತ 1963ರ ನಮ್ಮ ರಾಜ್ಯದ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ಬ್ಯಾಂಕಿನಲ್ಲಿ ಕನ್ನಡದಲ್ಲಿ ಮಾತಾಡಿ ಅಂತ ಕೇಳುವುದಕ್ಕೂ ಭೋಪಾಲದಲ್ಲಿ ಹಿಂದಿ ಕಲಿಯುವುದಕ್ಕೂ ವಿರೋಧ ಇಲ್ಲ. ಎರಡರಲ್ಲೂ ಇರುವುದು ಆ ಊರಿನವರ ಮಾತಿಗೆ ಕೊಡುವ ಗೌರವ. ತೆಲುಗು, ಮರಾಠಿ ಕಲಿಯುವ ಹಾಗೆ ಹಿಂದಿ ಕಲಿಯಿರಿ, ಜನರಿಗೋಸ್ಕರ.

ಬಾಯಿ ಬಿಡಲು ನನಗೆ ಸಹಾಯ ಮಾಡಿದ ಒಂದು ವಾಕ್ಯ ಇದೆ. 'ಇಸೇ ಹಿಂದೀ ಮೇಂ ಕ್ಯಾ ಕಹತೇ ಹೈಂ?' ಇದನ್ನು ಹಿಂದಿಯಲ್ಲಿ ಏನಂತಾರೆ? ಕೈಯಲ್ಲಿ ಕೊತ್ತಂಬರಿ ಹಿಡಿದು ಕೇಳಿದರೆ 'ಧನಿಯಾ' ಸಿಗುತ್ತದೆ, ಶುಂಠಿ ಹಿಡಿದರೆ 'ಅದ್ರಕ್'. ಬರೀ ಪದ ಕೇಳಿ ಸುಮ್ಮನಾಗಬೇಡಿ, 'ಅಚ್ಛಾ ಯಾ ಅಚ್ಛೀ?' ಅಂತಲೂ ಕೇಳಿ. ಲಿಂಗವೂ ಜೊತೆಗೆ ಬರುತ್ತದೆ. ಯಾರೂ ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ.

ಭೋಪಾಲದವರೆಗೆ ಹೋಗಲು ಆಗದವರಿಗೆ ಹಿಂದಿಯ ಒಂದು ಕವಲು ಮನೆ ಬಾಗಿಲಲ್ಲೇ ಇದೆ. ಮುಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ ದೆಹಲಿಯ ಮಾತೂ ದಕ್ಷಿಣಕ್ಕೆ ಬಂತು. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ಶುರುವಾಯಿತು. ಆ ಮಾತು ಇಲ್ಲೇ ನೆಲೆನಿಂತು ದಖ್ಖನಿ ಆಯಿತು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಅದರಲ್ಲಿ ಹಾಡು ಕಟ್ಟಿದ. ಬೀದರ್, ಕಲಬುರಗಿ, ವಿಜಯಪುರ, ಬೆಂಗಳೂರಿನ ಮನೆಗಳಲ್ಲಿ ಅದು ಇವತ್ತಿಗೂ ಬದುಕಿದೆ. ಅದನ್ನು ಕೆಟ್ಟ ಹಿಂದಿ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ನಮ್ಮ 'ಬೇಡ' ಅನ್ನುವುದಕ್ಕೆ ಪುಸ್ತಕದ ಹಿಂದಿಯಲ್ಲಿ ಒಂದೇ ಪದ ಇಲ್ಲ. ವಸ್ತು ಬೇಡ ಅಂದರೆ 'ನಹೀಂ ಚಾಹಿಯೇ', ಮಾಡಬೇಡ ಅಂದರೆ 'ಮತ್ ಕರೋ'. ದಖ್ಖನಿಯವರು ಮರಾಠಿಯ 'ನಕೋ'ವನ್ನು ತಂದು 'ನಕ್ಕೋ' ಮಾಡಿ ಎರಡೂ ಕೆಲಸ ಮುಗಿಸಿದರು. 'ಕಿ' ಹಾಕಿ ವಾಕ್ಯ ತಿರುಗಿಸುವ ಕಷ್ಟವೂ ಅವರಿಗಿಲ್ಲ. 'ಆತೂಂ ಬೋಲ್ಕೆ ಬೋಲ್ಯಾ' ಅನ್ನುತ್ತಾರೆ. ಆತೂಂ, ಬರ್ತೀನಿ. ಬೋಲ್ಕೆ, ಅಂತ. ಬೋಲ್ಯಾ, ಹೇಳಿದ. ಪದ ಮೂರೂ ಉತ್ತರದ್ದು, ಜೋಡಿಸಿದ ರೀತಿ ಪೂರ್ತಿ ನಮ್ಮದು.